ಗುನ್ವೋರ್ ಬರೆದ ಒಂದು ಸಾಲು

ಗುನ್ವೋರ್ ಮೀರ್ವಾಂಗ್ ನನ್ನ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತಳು. ಅಷ್ಟು ವರ್ಷವೂ ನನಗೆ ಅವಳ ಮೇಲೆ ಒಂದೇ ಸಿಟ್ಟು. ಬೆಳಿಗ್ಗೆ ಆರಕ್ಕೆ ಬಂದವಳು, ಕೋಟು ಬಿಚ್ಚುವ ಮೊದಲೇ, ಯಾವುದೋ ಹಳೆಯ ಬಿರುಗಾಳಿಯ ದಿನದ ಲೆಕ್ಕವನ್ನು ಯಂತ್ರದಿಂದ ಮತ್ತೆ ಮಾಡಿಸುತ್ತಿದ್ದಳು. ಬಂದ ಉತ್ತರವನ್ನು ಗೋಡೆಗೆ ಪಿನ್ನು ಚುಚ್ಚಿದ ಹಾಳೆಯ ಜೊತೆ ಹೋಲಿಸುತ್ತಿದ್ದಳು. ದಶಮಾಂಶ ಬಿಂದುವಿನ ಆಚೆಗೆ ಹದಿನೈದು ಅಂಕಿ. ಕೊನೆಯದೂ ಕೂಡಿದರೆ "ಹೂಂ, ಹೊಂದಿತು" ಎಂದು ಥರ್ಮಸ್ಸಿನ ಮುಚ್ಚಳ ತಿರುಗಿಸುವಳು. ಕಾಫಿ, ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡು, ಅದರ ಮೇಲೆ ಕಂದು ಚೀಸು. ದಿನವೂ ಅದೇ.

ನಮ್ಮ ಸಣ್ಣ ಕಚೇರಿಯ ಕೆಲಸ ಅಲೆಗಳ ಎತ್ತರ ಲೆಕ್ಕ ಹಾಕುವುದು. ಹೆಲ್ವಾರ್ ದ್ವೀಪಕ್ಕೆ ಹೋಗುವ ಫೆರಿ ಆ ಲೆಕ್ಕದ ಮೇಲೆ ನಡೆಯುತ್ತದೆ. ಅಲೆ ಎರಡೂವರೆ ಮೀಟರ್ ಮೀರಿದರೆ ಕೆಂಪು, ಇಲ್ಲವಾದರೆ ಹಸಿರು. ಏಳು ಗಂಟೆಗೆ ಗುನ್ವೋರ್ ಕ್ಯಾಪ್ಟನ್ ಟೋರ್ಗೈರ್‌ಗೆ ಫೋನ್ ಮಾಡುವಳು.

"ಹಸಿರು, ಟೋರ್ಗೈರ್."

"ನೀನು ಹಸಿರು ಅಂದ್ಮೇಲೆ ಹಸಿರೇ ಕಣೇ," ಎಂದು ಅವನು ಫೋನ್ ಇಟ್ಟುಬಿಡುವನು. ಏಳೂಕಾಲಿಗೆ ಹಗ್ಗ ಬಿಚ್ಚುವನು.

ಈ ನಂಬಿಕೆ ಸುಮ್ಮನೆ ಬಂದದ್ದಲ್ಲ. ನಾನು ಸೇರುವ ಮುಂಚಿನ ಒಂದು ಚಳಿಗಾಲದಲ್ಲಿ ಸಮುದ್ರದಲ್ಲಿ ಅಲೆ ಅಳೆಯುವ ತೇಲುಬುರುಡೆಯೊಂದು ಹಿಮ ಕಟ್ಟಿ ಕೆಟ್ಟಿತ್ತಂತೆ. ಎಣಿಸಿದ ಅಲೆ ಸೊನ್ನೆ, ಒಟ್ಟು ಎತ್ತರ ಸೊನ್ನೆ, ಸರಾಸರಿಗೆ ಯಂತ್ರ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿತು. ಹಾಗೆ ಭಾಗಿಸಿದರೆ ಬರುವುದು ಸಂಖ್ಯೆಯೇ ಅಲ್ಲ. ಯಂತ್ರ ಆ ಜಾಗದಲ್ಲಿ "ಸಂಖ್ಯೆ ಅಲ್ಲ" ಎಂಬ ಗುರುತು ಇಟ್ಟುಕೊಳ್ಳುತ್ತದೆ. ಅದನ್ನು "ಎರಡೂವರೆಗಿಂತ ಹೆಚ್ಚೇ?" ಎಂದು ಕೇಳಿದರೆ "ಅಲ್ಲ" ಎನ್ನುತ್ತದೆ. ಅಲ್ಲವಾದರೆ ಹಸಿರು! ಪುಣ್ಯಕ್ಕೆ ಅವತ್ತು ಫೆರಿಗೆ ರಜೆ. ಆ ವಾರವೇ ಗುನ್ವೋರ್ ಲೆಕ್ಕದೊಳಗೆ ಒಂದು ಸಾಲು ಬರೆದು ಸೇರಿಸಿದಳು: ಬಂದ ಸಂಖ್ಯೆ ತನಗೆ ತಾನು ಸಮವೇ? ಸಮವಲ್ಲದಿದ್ದರೆ ಕೆಂಪು. ಯಾಕೆಂದರೆ ಆ ಗುರುತೊಂದೇ ತನಗೆ ತಾನು ಸಮವಲ್ಲ. ಹೊಸಬರು ಆ ಸಾಲು ಓದಿ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಆಮೇಲೆ ಐವಿನ್ ನಮ್ಮ ಮುಖ್ಯಸ್ಥನಾಗಿ ಬಂದ. ಅವಸರದ ಮನುಷ್ಯ, ಕೆಟ್ಟವನಲ್ಲ. ನಾವು ಬರೆದ ಲೆಕ್ಕವನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್. ಹೇಗೆ ಇಳಿಸಬೇಕೆಂದು ಅದಕ್ಕೆ ಒಂದು ಪದದಲ್ಲಿ ಹೇಳಬಹುದು. ಕಟ್ಟುನಿಟ್ಟು ಎಂದರೆ ಬರೆದ ಕ್ರಮದಲ್ಲೇ ಕೂಡುತ್ತದೆ, ಕಳೆಯುತ್ತದೆ. ವೇಗ ಎಂದರೆ ತನಗೆ ಅನುಕೂಲವಾದಂತೆ ಹಿಂದುಮುಂದು ಮಾಡಿಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಕೊನೆಯ ಅಂಕಿಯನ್ನು ಹತ್ತಿರದ ಅಂಕಿಗೆ ಸರಿಹೊಂದಿಸಿಕೊಳ್ಳುವ ಯಂತ್ರಕ್ಕೆ ಕ್ರಮ ಬದಲಾದರೆ ಉತ್ತರದ ಬಾಲವೂ ತುಸು ಬದಲಾಗುತ್ತದೆ. ಗುನ್ವೋರ್ ಮೊದಲಿನಿಂದಲೂ ಕಟ್ಟುನಿಟ್ಟು. ಐವಿನ್‌ಗೆ ವೇಗ ಬೇಕು.

"ಇಪ್ಪತ್ತು ನಿಮಿಷ ಉಳಿಯತ್ತೆ ಗುನ್ವೋರ್. ನೀನು ಏಳಕ್ಕೆ ಹೇಳ್ತೀಯ, ಅವನು ಏಳೂಕಾಲಿಗೆ ಹೊರಡ್ತಾನೆ. ಪಾಪ, ಯೋಚನೆ ಮಾಡೋಕೆ ಟೈಮೆಲ್ಲಿದೆ ಅವನಿಗೆ?"

"ಯೋಚನೆ ಮಾಡೋ ಕೆಲಸ ಅವನದಲ್ಲ, ನಂದು."

"ಕೂದಲೆಳೆಯಷ್ಟು ವ್ಯತ್ಯಾಸ ಬಂದ್ರೆ ಮೀನು ಬಂದು ದೂರು ಕೊಡತ್ತಾ?"

"ಕೊಟ್ರೆ ನಿನ್ ಹತ್ರಾನೇ ಕಳಿಸ್ತೀನಿ, ಬಿಡು."

ಎರಡು ವರ್ಷ ಹೀಗೇ ಜಗ್ಗಾಟ. ಅಷ್ಟರಲ್ಲಿ ಗುನ್ವೋರಳ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ವೃದ್ಧಾಶ್ರಮದಲ್ಲಿದ್ದ ತಾಯಿ ಮಗಳ ಹೆಸರು ಮರೆತಳು. ಗುನ್ವೋರಳಿಗೆ ಆಗ ಅರವತ್ತನಾಲ್ಕು, ಏಪ್ರಿಲ್‌ಗೆ ನಿವೃತ್ತಿ. ಸಂಜೆ ಕೋಟು ಹಾಕಿಕೊಳ್ಳಲೂ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಒಂದು ದಿನ ನಾನೇ ಅಂದೆ: "ಬಿಟ್ಹಾಕು ಮಾರಾಯ್ತಿ, ಆ ಅಂಕಿ ಕಟ್ಕೊಂಡು ಏನ್ಮಾಡ್ತೀಯ? ಅವನಿಗೆ ಬೇಕಾದ್ದು ಕೊಟ್ಟು ನೆಮ್ಮದಿಯಾಗಿ ಮನೆಗೆ ಹೋಗು." ಹೇಳಬಾರದಿತ್ತು. ಈಗಲೂ ಆ ಮಾತು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಜನವರಿಯಲ್ಲಿ ಅವಳು ಒಪ್ಪಿದಳು. ಒಪ್ಪಿದರೂ ಸುಮ್ಮನೆ ಬಿಡಲಿಲ್ಲ. ಮೂರು ವಾರ ಎರಡೂ ಬಗೆಯಲ್ಲಿ ಲೆಕ್ಕ ಮಾಡಿಸಿ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ನಾವೂ ಕಣ್ಣು ಕೀಲಿಸಿ ಕೂತೆವು. ಐದನೇ ಅಂಕಿಯಿಂದಾಚೆ ಮಾತ್ರ ವ್ಯತ್ಯಾಸ, ಅಲೆಯಲ್ಲಿ ಕೂದಲಿನಷ್ಟೂ ಇಲ್ಲ. "ಸಾಕು," ಎಂದಳು. ಕಂಪೈಲರಿಗೆ ಕೊಡುವ ಆಜ್ಞೆಯಲ್ಲಿ ಕಟ್ಟುನಿಟ್ಟು ಅಳಿಸಿ, ವೇಗ ಎಂದು ತಾನೇ ಬರೆದಳು. ಗೋಡೆಯ ಹಾಳೆ ಇಳಿಸಿ ಮೇಜಿನ ಖಾನೆಯೊಳಗಿಟ್ಟಳು. ಆ ಮೂರು ವಾರ ಸಮುದ್ರದ ತೇಲುಬುರುಡೆಗಳೆಲ್ಲ ಸರಿಯಾಗಿದ್ದವು.

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಆರೂವರೆಗೆ ಲೆಕ್ಕ ಮುಗಿಯಿತು. ಹಸಿರು. ಗುನ್ವೋರ್ ಎಂದಿನಂತೆ ಫೋನ್ ಮಾಡಿದಳು. ಫೆರಿ ಹೊರಟಿತು. ಬಂದರಿನ ಗೋಡೆ ದಾಟಿದ್ದೇ ನಾಲ್ಕು ಮೀಟರಿನ ಅಲೆ ಪಕ್ಕಕ್ಕೆ ಹೊಡೆಯಿತು. ಟೋರ್ಗೈರ್ ಹೇಗೋ ಹಡಗು ತಿರುಗಿಸಿ ವಾಪಸು ತಂದ. ಆದರೆ ಫೆರಿಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಮಾರಿತ್ ಮೆಟ್ಟಿಲ ಮೇಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂವತ್ತೊಂದು ಪ್ರಯಾಣಿಕರಿದ್ದರು. ಹಡಗು ಇನ್ನೊಂದಿಷ್ಟು ವಾಲಿದ್ದರೆ ಮಗುಚಿಬಿಡುತ್ತಿತ್ತು.

ತೇಲುಬುರುಡೆಗೆ ಮತ್ತೆ ಹಿಮ ಕಟ್ಟಿತ್ತು. ಐವಿನ್ ಗಾಬರಿಯಲ್ಲಿ ನಾವು ಬರೆದ ಲೆಕ್ಕದ ಮೂಲಪ್ರತಿ ತೆರೆದ.

"ಸಾಲು ಇದೆಯಲ್ಲ ಗುನ್ವೋರ್! ನೋಡು, ನಿನ್ನ ಸಾಲು ಇಲ್ಲೇ ಇದೆ!"

ಅವಳು ಕುರ್ಚಿ ಎಳೆದು ಕೂತಳು. ಕಂಪೈಲರ್ ಇಳಿಸಿದ ಯಂತ್ರದ ಆಜ್ಞೆಗಳನ್ನು ಪರದೆಗೆ ತಂದು ಒಂದೊಂದನ್ನೂ ಬೆರಳಿಟ್ಟು ಓದಿದಳು. ಒಂದು ಗಂಟೆ ಹಿಡಿಯಿತು. ಅಲ್ಲಿ ಆ ಸಾಲು ಇರಲಿಲ್ಲ.

"ವೇಗ ಅಂದ್ರೆ ಬರೀ ಹಿಂದುಮುಂದು ಮಾಡೋದಲ್ಲ," ಎಂದಳು. "ನಿನ್ನ ಕೈಗೆ ಬರೋದೆಲ್ಲ ಸಂಖ್ಯೆನೇ, ಬೇರೆ ಏನೂ ಬರಲ್ಲ ಅಂತ ಅದಕ್ಕೆ ಮಾತು ಕೊಟ್ಟಂಗೆ. ಎಲ್ಲಾ ಸಂಖ್ಯೆನೂ ತನಗೆ ತಾನು ಸಮಾನೇ ಅಲ್ವಾ? ಹಾಗಾದ್ರೆ ಈ ಪ್ರಶ್ನೆ ಯಾಕೆ ಅಂತ ಅದು ಕಿತ್ತು ಬಿಸಾಕಿದೆ. ಕೈಪಿಡೀಲಿ ಬರೆದಿದೆ. ನಾನು ಓದಿದ್ದೆ ಕೂಡ. ಓದಿದ್ದೂ ಮರೆತು ಬಾಲದ ಅಂಕಿ ಎಣಿಸ್ತಾ ಕೂತೆ."

"ವರದಿಯಲ್ಲಿ ಉಪಕರಣದ ದೋಷ ಅಂತ ಬರೆಯೋಣ," ಎಂದ ಐವಿನ್ ಮೆಲ್ಲಗೆ. "ಸುಳ್ಳೇನಲ್ಲ, ಹಿಮ ಕಟ್ಟಿತ್ತಲ್ಲ. ನಿನಗೆ ಇನ್ನೆರಡು ತಿಂಗಳು ಅಷ್ಟೇ ಇರೋದು."

"ಹಿಮ ಹಿಂದೆನೂ ಕಟ್ಟಿತ್ತು. ನನ್ನ ಹೆಸರು ಬರಿ."

"ಹಟ ಮಾಡಿದ್ದು ನಾನು."

"ಹಾಗಾದ್ರೆ ಕೆಳಗೆ ನಿಂದೂ ಬರ್ಕೋ. ಮೊದಲು ನಂದು."

ಆಮೇಲೆ ನನ್ನ ಎದುರಿಗೇ ಟೋರ್ಗೈರ್‌ಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು, ಮುಚ್ಚಿಡುವುದು ಏನೂ ಬೇಡವೆಂದಿರಬೇಕು.

"ತಪ್ಪು ನಂದು ಟೋರ್ಗೈರ್."



"ಬಂದರಿನ ಗೋಡೆ ಆಚೆ ಅಲೆಯ ಬಿಳಿ ನೊರೆ ಕಾಣ್ತಿತ್ತು ಕಣೇ," ಎಂದ ಅವನು. "ಹೊರಡೋಕೆ ಮುಂಚೇನೇ ಕಂಡಿತ್ತು. ನೀನು ಹಸಿರು ಅಂದಿದ್ಯಲ್ಲ, ನನ್ನ ಕಣ್ಣೇ ಸುಳ್ಳು ಅಂದ್ಕೊಂಡೆ."

ಅವಳು ತಲೆ ಮೇಜಿಗೆ ಒರಗಿಸಿದಳು. ನಾನು ಕಾಫಿ ಬಗ್ಗಿಸಿ ಪಕ್ಕಕ್ಕಿಟ್ಟೆ. ಕುಡಿಯಲಿಲ್ಲ.

ಕಟ್ಟುನಿಟ್ಟು ವಾಪಸು ಬಂತು, ಹಾಳೆ ಗೋಡೆಗೆ ಏರಿತು. ಇಪ್ಪತ್ತು ನಿಮಿಷದ ಮಾತನ್ನು ಐವಿನ್ ಮತ್ತೆ ಎತ್ತಲಿಲ್ಲ. ಗುನ್ವೋರ್ ಪ್ರತಿ ಭಾನುವಾರ ತಾಯಿಯನ್ನು ನೋಡಿ, ಅಲ್ಲಿಂದ ಮಾರಿತ್‌ಳನ್ನೂ ನೋಡಿ ಬರುತ್ತಿದ್ದಳು. ಮಾರಿತ್ ಕೋಲು ಹಿಡಿದು ನಡೆಯತೊಡಗಿದ್ದಳು. ಫೆರಿಗೆ ಹಿಂದಿರುಗಲಿಲ್ಲ.

ಗುನ್ವೋರಳ ಕೊನೆಯ ದಿನ ಶುಕ್ರವಾರ. ಕಚೇರಿಯಲ್ಲಿ ದೋಸೆಕಲ್ಲಿನಂಥ ಅಚ್ಚಿನಲ್ಲಿ ವಾಫಲ್ ಹುಯ್ಯಲು ಹಿಟ್ಟು ಕಲಸಿಟ್ಟಿದ್ದೆವು. ಅವಳು ಕೋಟು ಬಿಚ್ಚದೆ ಹಾಳೆಯ ಮುಂದೆ ನಿಂತು ಹದಿನೈದೂ ಅಂಕಿ ನೋಡಿದಳು. ಹೊಂದಿತು. ಏಳಕ್ಕೆ ಫೋನ್ ಮಾಡಿದಳು.

"ಹಸಿರು, ಟೋರ್ಗೈರ್."

ಆ ಕಡೆ ಬಾಗಿಲು ತೆರೆದ ಸದ್ದು, ಗಾಳಿ.

"ಸ್ವಲ್ಪ ಇರು," ಎಂದ ಅವನು. "ಹೊರಗೆ ಹೋಗಿ ಒಂದ್ಸಲ ನೋಡ್ಕೊಂಡು ಬರ್ತೀನಿ."

ಅವಳು ರಿಸೀವರನ್ನು ಕಿವಿಗೆ ಹಿಡಿದುಕೊಂಡೇ ಕಾದಳು.