ಉಪ್ಪುನೀರಿನ ಕ್ಯಾನು, ಮೋನಪ್ಪನ ಬೆನ್ನು

ಶಾಮಣ್ಣನಿಗೆ ಬೆರಗಾಗುವ ಚಟ. ಬೆಂಗಳೂರಿನಿಂದ ಬಂದು ಮುಂಬಯಿಯಲ್ಲಿ ಕೂದಲು ನರೆತರೂ ಅದು ಬಿಡಲಿಲ್ಲ. ಮೊದಲು ಹಡಗುಗಳ ವಯರ್‌ಲೆಸ್ ಸೆಟ್ಟು ರಿಪೇರಿ ಮಾಡುತ್ತಿದ್ದ. ನಡುಸಮುದ್ರದಿಂದ ಯಾರದೋ ದನಿ ಕೇಳಿದರೆ ಸಾಕು, ಕೈಯಲ್ಲಿದ್ದ ಚಹಾ ಆರಿಹೋಗುತ್ತಿತ್ತು. ತೊಂಬತ್ತೊಂದರಲ್ಲಿ ಪರೇಲಿನ ಒಂದು ಖಾಸಗಿ ಸೆಂಟರಿಗೆ ಎಮ್ಮಾರೈ ಯಂತ್ರ ಬಂದಾಗ, ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಕತ್ತಿ ಸೋಕಿಸದೆ, ಒಂದು ಹನಿ ರಕ್ತ ಹರಿಸದೆ, ಬರೀ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ಬದುಕಿರುವ ಮನುಷ್ಯನ ಒಳಗನ್ನು ಪರದೆಗೆ ತರುವ ಯಂತ್ರ! ಮೊದಲ ದಿನ ಯಾರದೋ ಮಿದುಳಿನ ಚಿತ್ರ ಮೂಡಿದಾಗ ಶಾಮಣ್ಣ ಚಪ್ಪಲಿ ಬಿಟ್ಟು ನಿಂತ. ಉಳಿದವರು ನಕ್ಕರು. ನಗಲಿ ಬಿಡಿ, ಅದರ ಮುಂದೆ ನಿಲ್ಲಬೇಕಾದದ್ದೇ ಹಾಗೆ.

ಬೆಳಿಗ್ಗೆ ರೋಗಿಗಳು ಬರುವ ಮುಂಚೆ ಯಂತ್ರದೊಳಗೆ ಒಂದು ನೀರಿನ ಬಾಟಲಿ ಇಟ್ಟು ಚಿತ್ರ ತೆಗೆಯುವುದು ಅಲ್ಲಿನ ಪದ್ಧತಿ. ಚಿತ್ರ ಗುಂಡಗೆ, ಕಲೆಯಿಲ್ಲದೆ ಬಂದರೆ ಯಂತ್ರ ಸರಿಯಿದೆ ಎಂದು ಲೆಕ್ಕ. ದಿನವೂ ಸರಿಯಾಗಿಯೇ ಬರುತ್ತಿತ್ತು.

ಅಂಥದ್ದರಲ್ಲಿ ಮೋನಪ್ಪ ಬಂದ. ಮಾಟುಂಗ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುವ ಉಡುಪಿಯವನು, ಶಾಮಣ್ಣನಿಗೆ ವರ್ಷಾನುಗಟ್ಟಲೆ ಊಟ ಹಾಕಿದವನು. ಆಳೂ ಭಾರೀ ಗಾತ್ರದವನು, ಗಲ್ಲಾದಲ್ಲಿ ಕೂತರೆ ಹಿಂದಿನ ಗೋಡೆಯ ದೇವರ ಪಟ ಕಾಣುತ್ತಿರಲಿಲ್ಲ. ಕಾಲುಗಳು ಸೋಲುತ್ತಾ ಬಂದು ಈಗ ಗಾಲಿಕುರ್ಚಿಯಲ್ಲಿದ್ದ. ಬೆನ್ನಿನ ಚಿತ್ರ ತೆಗೆದರೆ ನರದ ಹುರಿಯ ಪಕ್ಕದಲ್ಲಿ ಒಂದು ಮಸುಕು ನೆರಳು. ಗಡ್ಡೆಯೋ, ಚಿತ್ರದ ದೋಷವೋ ಹೇಳಲಾಗದು ಎಂದರು ಸರ್ಜನ್. ಕುರುಡಾಗಿ ಬೆನ್ನು ತೆರೆದು ನರಕ್ಕೆ ಪೆಟ್ಟಾದರೆ ಕಾಲು ಹೋದ ಹಾಗೆಯೇ. ಗಡ್ಡೆಯೇ ಆಗಿದ್ದು ತೆರೆಯದೆ ಬಿಟ್ಟರೂ ಅದೇ ಗತಿ.

ಮೋನಪ್ಪನ ಹೆಂಡತಿ ವಾರಿಜಾ ಕಣ್ಣೊರೆಸಿಕೊಳ್ಳುವುದನ್ನು ಶಾಮಣ್ಣನಿಗೆ ನೋಡಲಾಗಲಿಲ್ಲ. “ಹೆದರಬೇಡಿ ಅಕ್ಕ. ಅದು ಮೆಷೀನಿನ ತಪ್ಪೇ ಇರತ್ತೆ. ನಾನು ಸರಿ ಮಾಡ್ತೀನಿ,” ಎಂದುಬಿಟ್ಟ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬೆಳಿಗ್ಗೆಯ ಬಾಟಲಿ ಚೊಕ್ಕವಾಗಿ ಬಂದಿತ್ತಲ್ಲ!

ತಲೆ ಕೆರೆದುಕೊಂಡು ಕೂತವನಿಗೆ ತಮ್ಮೆಲ್ಲರ ಪೆದ್ದುತನ ಹೊಳೆಯಿತು. ಬಾಟಲಿಯ ಸಪ್ಪೆ ನೀರಿಗೆ ಬೇಕಾದ ರೇಡಿಯೋ ಶಕ್ತಿ ಎಷ್ಟು? ಚಿಟಿಕೆಯಷ್ಟು. ಮೋನಪ್ಪನ ಉಪ್ಪುಂಡ ದೇಹಕ್ಕೆ ಅದರ ಹಲವು ಪಟ್ಟು. ಆ ಶಕ್ತಿ ಕೊಡುವ ಆಂಪ್ಲಿಫೈಯರು ಸಣ್ಣ ಅಲೆಯನ್ನು ರೂಪ ಕೆಡಿಸದೆ ಹಿಗ್ಗಿಸುತ್ತದೆ. ಹೆಚ್ಚು ದುಡಿಸಿದರೆ ಅಲೆಯ ನೆತ್ತಿ ತಗ್ಗಿಸಿಬಿಡುತ್ತದೆ. ಅಲೆ ಕೆಟ್ಟರೆ ಚಿತ್ರವೂ ಕೆಟ್ಟಿತು. ಬಾಟಲಿಯನ್ನು ನಂಬಿ ಕೂತವರಿಗೆ ಇದು ಗೊತ್ತಾಗುವುದಾದರೂ ಹೇಗೆ?

ಹೋಟೆಲಿನಿಂದ ಉಪ್ಪು ತರಿಸಿ, ದೊಡ್ಡ ಪ್ಲಾಸ್ಟಿಕ್ ಕ್ಯಾನಿನಲ್ಲಿ ಉಪ್ಪುನೀರು ಕಲಸಿ ಯಂತ್ರದೊಳಗೆ ಮಲಗಿಸಿದ. ಅದು ಥೇಟು ಮೋನಪ್ಪನ ಹಾಗೇ ಶಕ್ತಿ ಕುಡಿಯಿತು, ಚಿತ್ರ ಹಾಗೇ ಕೆಟ್ಟಿತು. ಚಿತ್ರ ಕೆಟ್ಟದ್ದಕ್ಕೆ ಕುಣಿದಾಡಿದ ಮನುಷ್ಯ ಪರೇಲಿನಲ್ಲಿ ಅವನೊಬ್ಬನೇ ಇರಬೇಕು. ಆಂಪ್ಲಿಫೈಯರಿನ ಒಳಗೆ ಹೋದ ಅಲೆಯೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಅಳೆದು, ಅದು ಎಲ್ಲಿ ತಗ್ಗಿಸುತ್ತದೋ ಅಲ್ಲಿ ಮೊದಲೇ ಅಷ್ಟು ಉಬ್ಬಿಸಿದ ಅಲೆಯನ್ನು ಕಂಪ್ಯೂಟರಿನಿಂದ ಕಳಿಸಿದ. ಒಗೆದರೆ ಕುಗ್ಗುವ ಬಟ್ಟೆಯನ್ನು ದರ್ಜಿ ಮೊದಲೇ ಸಡಿಲ ಹೊಲಿಯುವುದಿಲ್ಲವೇ, ಹಾಗೆ. ಸೊಟ್ಟಗೆ ಒಳಹೋದ ಅಲೆ ನೆಟ್ಟಗೆ ಹೊರಬಂತು. ತಾನೇ ಮಾಡಿದ್ದು, ಆದರೂ ಅವನಿಗೆ ನಂಬಲಾಗಲಿಲ್ಲ.

ಮೋನಪ್ಪನನ್ನು ಮತ್ತೆ ಮಲಗಿಸಿದರು. “ಇನ್ನೊಮ್ಮೆಯಾ ಮಾರಾಯ? ಒಳಗೆ ಡಬ್ಬ ಬಡಿದ ಹಾಗೆ ಸದ್ದುಂಟು,” ಎಂದು ಗೊಣಗಿದ. ಆ ನೆರಳು ಮಾಯವಾಗಲಿ ದೇವರೇ ಎಂದು ಶಾಮಣ್ಣ ಪರದೆಯ ಮುಂದೆ ಕೈ ಹಿಸುಕಿಕೊಂಡ.

ಚಿತ್ರ ಮೂಡಿತು. ಒಂದೊಂದು ಮೂಳೆಯೂ, ನಡುವಿನ ನರದ ಹುರಿಯೂ ಬರೆದಿಟ್ಟಂತೆ. ಶಾಮಣ್ಣನ ಮೈ ಜುಮ್ಮೆಂದಿತು. ನೆರಳು ಮಾಯವಾಗಿರಲಿಲ್ಲ. ಮಸುಕು ಹೋಗಿ, ಹುಣಸೆಬೀಜದಷ್ಟು ಗಡ್ಡೆ ಸ್ಪಷ್ಟವಾಗಿ ಕೂತಿತ್ತು. ಇಷ್ಟು ಚಂದದ ಚಿತ್ರ ಆ ಯಂತ್ರದಲ್ಲಿ ಎಂದೂ ಬಂದಿರಲಿಲ್ಲ, ಅದನ್ನು ನೋಡಿ ಅವನು ಅತ್ತ.

ಸರ್ಜನ್ ನೋಡಿ ಹೋದ ಮೇಲೆ ಶಾಮಣ್ಣ ಫಿಲ್ಮು ಹಿಡಿದು ಹೊರಗೆ ಬಂದ. “ಅಕ್ಕ, ಮೆಷೀನಿನ ತಪ್ಪಿತ್ತು, ನಿಜ. ಆದ್ರೆ ಗಡ್ಡೆನೂ ಇದೆ.”

ವಾರಿಜಾ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಇದು ಇವರದ್ದೇ ಬೆನ್ನಾ? ಜೀವ ಇರುವಾಗಲೇ ಇಷ್ಟೆಲ್ಲ ಕಾಣ್ತದಾ?”

“ಹೂಂ. ಇಲ್ನೋಡಿ, ಗಡ್ಡೆಗೂ ನರಕ್ಕೂ ನಡುವೆ ಕೂದಲಿನಂಥ ಬಿಳಿ ಗೆರೆ. ಮೊದಲಿನ ಚಿತ್ರದಲ್ಲಿ ಇದು ಕಾಣ್ತಿರಲಿಲ್ಲ. ಈ ಸಂದಿ ಹಿಡಿದು ಹೋದ್ರೆ ನರ ಮುಟ್ಟದೆ ತೆಗೀಬಹುದು ಅಂದ್ರು ಸರ್ಜನ್.”

ವಾರಿಜಾ ಆ ಗೆರೆಯ ಮೇಲೆ ಉಗುರಿಟ್ಟಳು.

“ಇಷ್ಟು ಜಾಗ ಸಾಕು ಶಾಮಣ್ಣ. ನಾಳೆಯೇ ಕೊಯ್ಯಲಿಕ್ಕೆ ಹೇಳಿ.”