ಬಕೆಟ್ಟಿನಲ್ಲಿ ಮುಳುಗಿಸದ ಟಾರ್ಚು

ಮಹಾಲ್ ಪೇಟೆಯ ಗಲ್ಲಿಯಲ್ಲಿದ್ದ ಚಾರಣದ ಸಾಮಾನಿನ ಅಂಗಡಿಯವರು ಹುಬ್ಬಳ್ಳಿ ಕಡೆಯವರು. ತಲೆಗೆ ಕಟ್ಟುವ ಟಾರ್ಚನ್ನು ಹೊತ್ತಿಸಿ ಬಕೆಟ್ಟಿನ ನೀರಲ್ಲಿ ಮುಳುಗಿಸಿಡದೆ ಯಾರಿಗೂ ಕೊಡುತ್ತಿರಲಿಲ್ಲ. "ಒಂದು ಚಹಾ ಮುಗಿಯೂ ತನಕ ತಡೀರಿ," ಎನ್ನುತ್ತಿದ್ದರು. ನೀರು ಹೊಕ್ಕು ಆರಿಹೋದದ್ದನ್ನು ಮೂಲೆಗೆಸೆದು ಇನ್ನೊಂದನ್ನು ಮುಳುಗಿಸುತ್ತಿದ್ದರು.

ನನ್ನ ಹಳೆಯ ಟಾರ್ಚು ಕೆಟ್ಟಿತ್ತು, ಮರುದಿನವೇ ಚಾರಣ. ಅವರು ಮುಳುಗಿಸಿದ ಎರಡೂ ಆರಿದವು. "ಈ ಆಟ ಸಾಕ್ರಿ, ನನಗ ಜಲ್ದಿ ಐತಿ," ಎಂದು ರೇಗಿ, ದುಡ್ಡಿಟ್ಟು ಮುಚ್ಚಿದ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಬಂದೆ.

ಸಂಜೆಗತ್ತಲಲ್ಲಿ ಗುಡ್ಡ ಇಳಿಯುವಾಗ ಮಳೆಗೆ ಅದು ಆರಿತು. ನನ್ನ ಹಿಂದೆ ಬರುತ್ತಿದ್ದ ಹೆಂಡತಿ ಜಾರಿ ಕಾಲು ಮುರಿದುಕೊಂಡಳು.

ಜಗಳಕ್ಕೆಂದೇ ಅಂಗಡಿಗೆ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಬಕೆಟ್ಟನ್ನು ಕಾಲಿನಿಂದ ಬದಿಗೆ ಸರಿಸಿ, ಹೊಸ ಪೆಟ್ಟಿಗೆಯೊಂದನ್ನು ಮುಚ್ಚಿದ್ದ ಹಾಗೆಯೇ ನನ್ನ ಕೈಗಿಟ್ಟರು.

"ಒಯ್ರಿ. ನಿಮಗ ಜಲ್ದಿ ಇರತೈತಿ."