ದೊಡ್ಡಕ್ಕನ ಸುಳ್ಳು ಮೂರ್ಛೆ

ಸಿದ್ಧ ಉಡುಪಿನ ಆ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಇಸ್ತ್ರಿ ಹಾಕುವ ದೊಡ್ಡಕ್ಕನನ್ನು ಅರಿಯದವರಿಲ್ಲ. ವಯಸ್ಸಿನಲ್ಲೂ ದೊಡ್ಡವಳು, ಮೈಯಲ್ಲೂ ದೊಡ್ಡವಳು. ಮೊಣಕಾಲು ನೋವು ಬೇರೆ. ಕಂಬಿ ಹಿಡಿಯದೆ ಮೆಟ್ಟಿಲಿಳಿಯಲಾರಳು. ಬುದ್ಧಿ ಬಂದಾಗಿನಿಂದ ಹೊರುವುದೇ ಆಯಿತು ಅವಳ ಪಾಡು: ಮೊದಲು ತಮ್ಮಂದಿರನ್ನು ಸೊಂಟದ ಮೇಲೆ, ಆಮೇಲೆ ಮಕ್ಕಳನ್ನು, ಕೊನೆಗೆ ಹಾಸಿಗೆ ಹಿಡಿದ ಅತ್ತೆಯನ್ನು ಬಚ್ಚಲಿಗೆ. ಅವಳನ್ನು ಹೊತ್ತವರು ಯಾರು? ಹೆತ್ತಮ್ಮನನ್ನು ಬಿಟ್ಟರೆ ಯಾರೂ ಇಲ್ಲ ಬಿಡಿ.

ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಸಲು ಮೇಷ್ಟ್ರೊಬ್ಬರು ಬಂದರು. ಸ್ಟ್ರೆಚರ್ ಮೇಲೆ ಯಾರಾದರೂ ಮೂರ್ಛೆ ಹೋದವರಂತೆ ಮಲಗಿ ಎಂದಾಗ, ಒಂದಿಷ್ಟು ಕಾಲು ಚಾಚಬಹುದಲ್ಲ ಎಂದು ದೊಡ್ಡಕ್ಕನೇ ಮುಂದೆ ಬಂದಳು. ದರ್ಜಿ, ಬಟ್ಟೆ ಕತ್ತರಿಸುವವ, ಗುಂಡಿ ಹೊಲಿಯುವವಳು, ಆ ಗುಂಡಿಯವಳ ನಾದಿನಿ, ನಾಲ್ವರೂ ಸೇರಿ ಎತ್ತಿದರು. ಮೆಟ್ಟಿಲಿನ ಮೊದಲ ತಿರುವಿನಲ್ಲೇ ಅವರಿಗೆ ಏದುಸಿರು. ಸ್ಟ್ರೆಚರ್ ಕೆಳಗಿಟ್ಟ ದರ್ಜಿ, "ಇನ್ನು ನೀನೇ ನಡ್ಕೊಂಡು ಬಾರಕ್ಕ," ಎಂದ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದೊಡ್ಡಕ್ಕನೂ ನಕ್ಕಳು, ಇನ್ನೇನು ಮಾಡಿಯಾಳು ಪಾಪ. ಆದರೆ ನಿಜವಾಗಿ ಹೊಗೆ ತುಂಬಿದ ದಿನವೂ ತನ್ನನ್ನು ಇದೇ ತಿರುವಿನಲ್ಲಿ ಬಿಟ್ಟು ಹೋಗುತ್ತಾರೆ ಎನ್ನಿಸಿತು.

ಮೇಷ್ಟ್ರು ಮಾತ್ರ ನಗಲಿಲ್ಲ. ಇನ್ನು ಮುಂದೆ ಇವರೇ ಮಲಗಲಿ ಎಂದುಬಿಟ್ಟರು. ವಾರ ವಾರವೂ ಅದೇ ಕೆಲಸ. ಬೆನ್ನಿನ ಬದಲು ಮೊಣಕಾಲು ಬಗ್ಗಿಸಿ ಎತ್ತುವುದು, ಎತ್ತರದವರು ಕೆಳಗಿನ ಮೆಟ್ಟಿಲಿಗೆ ನಿಲ್ಲುವುದು, ಪಟ್ಟಿ ಬಿಗಿಯುವುದು, ಎಲ್ಲ ನಿಧಾನಕ್ಕೆ ಕೈಗೆ ಕೂತಿತು. ಭಾರ ಕಡಿಮೆಯಾಗಲೆಂದು ದೊಡ್ಡಕ್ಕ ಅಭ್ಯಾಸದ ದಿನ ಊಟ ಬಿಡುತ್ತಿದ್ದಳು. ಮುಚ್ಚಿದಂತೆಯೇ ಇದ್ದ ಡಬ್ಬಿ ಒಮ್ಮೆ ಗುಂಡಿಯವಳ ಕಣ್ಣಿಗೆ ಬಿತ್ತು.

"ಬೆಂಕಿ ಬಿದ್ದ ದಿನ ನೀನು ಉಪವಾಸ ಇರ್ತೀಯಾ? ಉಂಡು ಮಲಗು. ಉಂಡವಳನ್ನ ಎತ್ತೋದು ಕಲೀಬೇಕು ನಾವು," ಎಂದು ಗದರಿ, ಎದುರೇ ಕೂತು ಉಣ್ಣಿಸಿದಳು.

ಬೆಂಕಿ ಸುರಕ್ಷತೆಯ ಸರ್ಕಾರಿ ತಪಾಸಣೆಗೆ ದಿನ ಗೊತ್ತಾಯಿತು. ತುರ್ತು ಬಾಗಿಲಿಗೆ ಅಡ್ಡಲಾಗಿ ವರ್ಷಗಟ್ಟಲೆ ಬಿದ್ದಿದ್ದ ಪೆಟ್ಟಿಗೆಗಳಿಗೆ ಕೊನೆಗೂ ಕಾಲು ಬಂದವು. ಮ್ಯಾನೇಜರ್‌ಗೆ ಬೇರೆ ಚಿಂತೆ. ಅಧಿಕಾರಿಯ ಮುಂದೆ ಮುಜುಗರ ಬೇಡ, ಪ್ಯಾಕಿಂಗ್‌ನ ತೆಳ್ಳಗಿನ ಹುಡುಗಿ ಮಲಗಲಿ ಎಂದರು. ದೊಡ್ಡಕ್ಕ ಆಗಲಿ ಎಂದು ತಲೆಯಾಡಿಸಿ, ಇಸ್ತ್ರಿಯಾದ ಅಂಗಿಯನ್ನೇ ಮತ್ತೆ ಹರಡಿಕೊಂಡಳು. ಕಣ್ಣು ಮಂಜಾಗಿತ್ತು. ಬಾಯಿ ಬಿಟ್ಟವನು ಅವಳನ್ನು ಅಂದು ಕೆಳಗಿಟ್ಟಿದ್ದ ದರ್ಜಿಯೇ.

"ಸಾರ್, ದೊಡ್ಡಕ್ಕನ್ನ ಇಳಿಸಿದ್ರೆ ಈ ಮಹಡೀಲಿ ಯಾರನ್ನ ಬೇಕಾದ್ರೂ ಇಳಿಸ್ತೀವಿ. ಅವಳೇ ಮಲಗ್ಲಿ. ಇಲ್ದಿದ್ರೆ ನಾವು ಎತ್ತಲ್ಲ."

ಉಳಿದ ಮೂವರೂ ಬಂದು ಅವನ ಪಕ್ಕ ನಿಂತರು. ಮ್ಯಾನೇಜರ್ ಗೊಣಗಿಕೊಂಡು ಒಪ್ಪಿದರು.

ತಪಾಸಣೆಯ ದಿನ ಗಂಟೆ ಬಡಿಯಿತು. ದೊಡ್ಡಕ್ಕ ಕಣ್ಣು ಮುಚ್ಚಿ ಮಲಗಿದಳು. ಪಟ್ಟಿ ಬಿಗಿದರು, ಎತ್ತಿದರು. ಮೊದಲ ತಿರುವಿನಲ್ಲಿ ಸ್ಟ್ರೆಚರ್ ನಿಂತಿತು. ಇಲ್ಲೇ ಇಳಿಸಿಬಿಟ್ಟರು ಎನ್ನಿಸಿತು ಅವಳಿಗೆ. ಅವರು ಉಸಿರೆಳೆದುಕೊಂಡಿದ್ದಷ್ಟೆ. ಮತ್ತೆ ಇಳಿದರು, ಇಳಿಯುತ್ತಲೇ ಹೋದರು. ಅಂಗಳದ ಗಾಳಿ ಮುಖಕ್ಕೆ ತಾಕಿದಾಗ, ಈ ನಾಲ್ವರ ಋಣ ಯಾವ ಜನ್ಮಕ್ಕೆ ತೀರಿಸಲಿ ಎಂದುಕೊಂಡಳು. ಮುಚ್ಚಿದ ಕಣ್ಣಿನಿಂದ ನೀರು ಕಿವಿಗಿಳಿಯಿತು.

ತಪಾಸಣೆಗೆ ಬಂದ ಅಧಿಕಾರಿಣಿ ಗಾಬರಿಯಾಗಿ ಬಗ್ಗಿದರು. "ಎಲ್ಲಾದ್ರೂ ನೋವಾಯ್ತೇನಮ್ಮ?"

ಮೂರ್ಛೆ ಹೋದವರು ಮಾತಾಡಬಾರದು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ದೊಡ್ಡಕ್ಕ ತುಟಿ ಬಿಚ್ಚಲಿಲ್ಲ. ಪಕ್ಕದಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ ಗುಂಡಿಯವಳ ಕೈಯನ್ನು ತಡಕಿ ಹಿಡಿದುಕೊಂಡಳು, ತಪಾಸಣೆ ಮುಗಿಯುವವರೆಗೂ ಬಿಡಲಿಲ್ಲ.